ತಲೆಗೆಷ್ಟು, ಹರದಾರಿಗೆಷ್ಟು: ಸ್ಪೇನ್‌ನ ಕಾಸ್ತಿಯಾ-ಲೆಯೋನ್ ಖಾಲಿಯಾಗುತ್ತಿರುವ ಲೆಕ್ಕ

ಓತೆರೊ ದೆ ಸನಾಬ್ರಿಯಾ ಎಂಬ ಹಳ್ಳಿಯಲ್ಲಿ ವಾಸವಿರುವವರು ಮೂವತ್ತು ಮಂದಿಯೂ ಇಲ್ಲ. ಆ ಊರಿಗೆ 2021ರಿಂದ ಹೈಸ್ಪೀಡ್ ರೈಲಿನ ನಿಲ್ದಾಣವಿದೆ. ಕೇಳಿದವರಿಗೆ ನಗು ಬರುವುದು ಸಹಜ. ಆದರೆ ನಿಲ್ದಾಣ ಕಟ್ಟಿದ್ದು ಆ ಮೂವತ್ತು ಜನರಿಗಲ್ಲ, ಸನಾಬ್ರಿಯಾ ಸರೋವರದ ಸುತ್ತಿನ ಇಡೀ ಸೀಮೆಗೆ. ಬೆಳಗಿನ ಗಾಡಿ ಹಿಡಿದರೆ ಎರಡು ಗಂಟೆಯೊಳಗೆ ಮ್ಯಾಡ್ರಿಡ್, ಕೆಲಸ ಮುಗಿಸಿ ಸಂಜೆಯ ಗಾಡಿಗೆ ವಾಪಸ್. ಅದನ್ನೇ ನಂಬಿ ಕೆಲವರು ಅಲ್ಲಿ ಮನೆ ಮಾಡಿದರು. 2025ರ ಜೂನ್‌ನಲ್ಲಿ ರೈಲ್ವೆ ಕಂಪನಿ ರೆನ್ಫೆ, ಮ್ಯಾಡ್ರಿಡ್‌ಗೆ ಹೋಗುವ ಬೆಳಗಿನ ಗಾಡಿಯ ನಿಲುಗಡೆಯನ್ನೂ ಮರಳುವ ಸಂಜೆಯ ಗಾಡಿಯ ನಿಲುಗಡೆಯನ್ನೂ ತೆಗೆದುಹಾಕಿತು. ಹತ್ತುವವರು ಕಡಿಮೆ ಎಂಬುದು ಕಾರಣ. ಊರಿನವರ ಉತ್ತರ: ಗಾಡಿ ನಿಲ್ಲದಿದ್ದರೆ ಹತ್ತುವುದು ಯಾರು?

ಇಬ್ಬರ ಮಾತೂ ನಿಜ. ಜಗಳ ಇರುವುದು ಲೆಕ್ಕ ಹಾಕುವ ವಿಧಾನದಲ್ಲಿ. ರೈಲಿನವರು ತಲೆ ಎಣಿಸುತ್ತಾರೆ, ಊರಿನವರು ದಾರಿ ಅಳೆಯುತ್ತಾರೆ. ಸ್ಪೇನ್‌ನ ಒಳನಾಡು ಬರಿದಾಗುತ್ತಿರುವ ಬಗ್ಗೆ ಅಲ್ಲಿ ವರ್ಷಗಳಿಂದ ನಡೆದಿರುವ ಚರ್ಚೆಯನ್ನು ಹಿಂಡಿದರೆ ಉಳಿಯುವುದು ಇಷ್ಟೇ. ಹಣ ಬರುವುದು ತಲೆಗೆ ಇಷ್ಟು ಎಂದು, ಖರ್ಚು ಬೀಳುವುದು ಹರದಾರಿಗೆ ಇಷ್ಟು ಎಂದು. ಈ ಎರಡರ ನಡುವಿನ ಕಂದಕ ಎಲ್ಲಕ್ಕಿಂತ ಅಗಲವಾಗಿ ಕಾಣುವ ಜಾಗಗಳಲ್ಲಿ ಕಾಸ್ತಿಯಾ ಇ ಲೆಯೋನ್ ಮುಖ್ಯವಾದದ್ದು.

ಸ್ಪೇನ್‌ನ 17 ಸ್ವಾಯತ್ತ ಪ್ರದೇಶಗಳಲ್ಲಿ ಇದು ಅತಿ ದೊಡ್ಡದು. ವಿಸ್ತೀರ್ಣ ಸುಮಾರು 94,200 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಹತ್ತಿರಹತ್ತಿರ ಅರ್ಧ ಮತ್ತು ಪಕ್ಕದ ಪೋರ್ಚುಗಲ್ ದೇಶಕ್ಕಿಂತ ತುಸು ದೊಡ್ಡದು. ಜನಸಂಖ್ಯೆ ಮಾತ್ರ 24 ಲಕ್ಷದ ಆಸುಪಾಸು. ಚದರ ಕಿಲೋಮೀಟರಿಗೆ 25 ಜನ. ಒಂಬತ್ತು ಪ್ರಾಂತ್ಯಗಳು: ಆವಿಲಾ, ಬುರ್ಗೋಸ್, ಲೆಯೋನ್, ಪಲೆಂಸಿಯಾ, ಸಲಮಾಂಕಾ, ಸೆಗೋವಿಯಾ, ಸೋರಿಯಾ, ವಯಾದೊಲಿದ್, ಸಮೋರಾ. ಇವುಗಳಲ್ಲಿ ಸೋರಿಯಾ ಒಂದನ್ನೇ ತೆಗೆದುಕೊಂಡರೆ 10,306 ಚದರ ಕಿಲೋಮೀಟರಿನಲ್ಲಿ 90 ಸಾವಿರದಷ್ಟು ಜನ, ಅಂದರೆ ಚದರ ಕಿಲೋಮೀಟರಿಗೆ ಒಂಬತ್ತೂ ಇಲ್ಲ.

ಅಂಚು ಎತ್ತರಿಸಿದ ತಟ್ಟೆ

ಸಮುದ್ರಮಟ್ಟದಿಂದ ಏಳೆಂಟು ನೂರು ಮೀಟರ್ ಎತ್ತರದಲ್ಲಿ ಒಂದು ದೊಡ್ಡ ತಟ್ಟೆ ಇಟ್ಟಂತಿದೆ ಈ ನೆಲ. ಉತ್ತರದ ಅಂಚು ಕಾಂಟಾಬ್ರಿಯನ್ ಪರ್ವತಸಾಲು, ಪೂರ್ವದ್ದು ಐಬೇರಿಯನ್ ಸಾಲು, ದಕ್ಷಿಣದ್ದು ಮ್ಯಾಡ್ರಿಡ್‌ನಿಂದ ಬೇರ್ಪಡಿಸುವ ಮಧ್ಯ ಪರ್ವತಸಾಲು. ತಟ್ಟೆ ಪಶ್ಚಿಮಕ್ಕೆ ವಾಲಿದೆ. ಬಿದ್ದ ನೀರಿನ ಬಹುಪಾಲು ದುವೆರೊ ನದಿ ಸೇರಿ ಪೋರ್ಚುಗಲ್‌ಗೆ ಹರಿಯುತ್ತದೆ. ಸೋರಿಯಾದ ಉರ್ಬಿಯೋನ್ ಶಿಖರಗಳಲ್ಲಿ ಹುಟ್ಟುವ ನದಿ 897 ಕಿಲೋಮೀಟರ್ ಸಾಗಿ ಪೋರ್ತೊ ನಗರದಲ್ಲಿ ಕಡಲು ಮುಟ್ಟುತ್ತದೆ. ಗಡಿಯಲ್ಲಿ ಅದು ಒಮ್ಮೆಲೇ ಆಳ ಕಮರಿಗೆ ಇಳಿಯುತ್ತದೆ. ಅರಿಬೆಸ್ ಎಂದು ಕರೆಯುವ ಆ ಕಮರಿಯೊಳಗೆ ಹವೆ ಎಷ್ಟು ಬೆಚ್ಚಗೆಂದರೆ ಬಾದಾಮಿ, ಆಲಿವ್ ಬೆಳೆಯುತ್ತವೆ. ಮೇಲಿನ ಬಯಲಲ್ಲಿ ಮಂಜುಗಡ್ಡೆ. ಕಮರಿಯ ಇಳಿಜಾರಿಗೆ ಅಲ್ದೆಯಾದಾವಿಲಾ, ಸೌಸೆಯೆ ಅಣೆಕಟ್ಟುಗಳು, ಉಪನದಿ ತೋರ್ಮೆಸ್‌ಗೆ 202 ಮೀಟರ್ ಎತ್ತರದ ಅಲ್ಮೆಂದ್ರಾ. ವಿದ್ಯುತ್ತೆಲ್ಲ ತಂತಿಯಲ್ಲಿ ಹೊರಗೆ ಹೋಗುತ್ತದೆ. ಕಮರಿಯ ಊರುಗಳು ಕಟ್ಟುವ ಕಾಲದಲ್ಲಿ ತುಂಬಿದ್ದವು, ಕಟ್ಟಿ ಮುಗಿದ ಮೇಲೆ ಬರಿದಾದವು.

ಹವಾಮಾನದ ಬಗ್ಗೆ ಅಲ್ಲಿನವರ ಗಾದೆ ಒಂದಿದೆ: ಒಂಬತ್ತು ತಿಂಗಳು ಇನ್ವಿಯೆರ್ನೊ, ಮೂರು ತಿಂಗಳು ಇನ್ಫಿಯೆರ್ನೊ. ಮೊದಲನೆಯದು ಚಳಿಗಾಲ, ಎರಡನೆಯದು ನರಕ. ನಡುಬಯಲಲ್ಲಿ ವರ್ಷಕ್ಕೆ 400ರಿಂದ 500 ಮಿಲಿಮೀಟರ್ ಮಳೆ. ಅದಕ್ಕೆ ಒಗ್ಗುವುದು ಬಾರ್ಲಿ ಮತ್ತು ಗೋಧಿ. ಸ್ಪೇನ್‌ನ ಧಾನ್ಯದ ಕಣಜ ಇದೇ.

ಇಲ್ಲೊಂದು ತಪ್ಪು ಕಲ್ಪನೆ ಬಿಡಿಸಬೇಕು. ಊರು ಖಾಲಿ ಎಂದರೆ ಹೊಲ ಪಾಳು ಬಿದ್ದಿದೆ ಎಂದಲ್ಲ. ಪಲೆಂಸಿಯಾ, ವಯಾದೊಲಿದ್, ಸಮೋರಾ, ಲೆಯೋನ್ ಪ್ರಾಂತ್ಯಗಳಲ್ಲಿ ಹರಡಿರುವ ತಿಯೆರ್ರಾ ದೆ ಕಾಂಪೋಸ್ ಬಯಲಿಗೆ ಮೇ ತಿಂಗಳಲ್ಲಿ ಹೋದರೆ ಅಂಗುಲ ಬಿಡದೆ ಹಸಿರು. ಆದರೆ ಹಿಂದೆ ಹತ್ತಾರು ಮನೆಗಳು ಹೇಸರಗತ್ತೆ ಕಟ್ಟಿ ಉಳುತ್ತಿದ್ದ ನೆಲವನ್ನು ಈಗ ಒಂದು ಕುಟುಂಬ, ಒಂದು ದೊಡ್ಡ ಟ್ರ್ಯಾಕ್ಟರ್, ಬಾಡಿಗೆಗೆ ಬರುವ ಒಂದು ಕಟಾವು ಯಂತ್ರ ನೋಡಿಕೊಳ್ಳುತ್ತವೆ. ಚೂರುಚೂರಾಗಿದ್ದ ಹಿಡುವಳಿಗಳನ್ನು ಸರ್ಕಾರವೇ ಒಗ್ಗೂಡಿಸಿ ಹಂಚಿದ್ದರಿಂದ ಯಂತ್ರಕ್ಕೆ ದಾರಿ ಸಲೀಸಾಯಿತು. ಯುರೋಪಿಯನ್ ಯೂನಿಯನ್ನಿನ ಕೃಷಿ ಸಹಾಯಧನ ಹೆಚ್ಚಾಗಿ ಹೆಕ್ಟೇರಿಗೆ ಇಷ್ಟು ಎಂದು ಬರುವುದರಿಂದ ಹೊಲ ಉಳಿಯಿತು. ಆ ಕುಟುಂಬವೂ ಈಗ ಊರಲ್ಲೇ ಇರಬೇಕೆಂದಿಲ್ಲ. ಪಟ್ಟಣದಲ್ಲಿದ್ದು ಬಿತ್ತನೆಗೆ, ಗೊಬ್ಬರಕ್ಕೆ, ಕೊಯ್ಲಿಗೆ ಬಂದು ಹೋಗಬಹುದು. ಬೇಸಾಯ ಗೆದ್ದು ಊರು ಸೋತ ಕಥೆ ಇದು.

1950ರಲ್ಲಿ ಈ ಒಂಬತ್ತು ಪ್ರಾಂತ್ಯಗಳಲ್ಲಿ 28 ಲಕ್ಷಕ್ಕೂ ಹೆಚ್ಚು ಜನರಿದ್ದರು. ಆಗ ಇಡೀ ಸ್ಪೇನ್‌ನಲ್ಲಿ 2.8 ಕೋಟಿ. ಈಗ ದೇಶದಲ್ಲಿ 4.9 ಕೋಟಿಯಷ್ಟು, ಇಲ್ಲಿ 24 ಲಕ್ಷ. ಹೋದವರು ಬಿಲ್ಬಾವೊದ ಉಕ್ಕಿನ ಕಾರ್ಖಾನೆಗೆ, ಬಾರ್ಸೆಲೋನಾಗೆ, ಮ್ಯಾಡ್ರಿಡ್‌ಗೆ ಹೋದರು. ಕೆಲವರು 1950ರ ದಶಕದಲ್ಲಿ ಕಾರು ಜೋಡಿಸಲು ಶುರುಮಾಡಿದ ವಯಾದೊಲಿದ್‌ನ ರೆನೋ ಕಾರ್ಖಾನೆ ಸೇರಿದರು. ಲೆಯೋನ್‌ನ ಬಿಯೆರ್ಸೊ, ಲಾಸಿಯಾನಾ ಕಣಿವೆಗಳಲ್ಲಿ ಕಲ್ಲಿದ್ದಲು ಇದ್ದುದರಿಂದ ವಲಸೆ ತಡವಾಯಿತು. ಗಣಿ ಮುಚ್ಚಿದ ಮೇಲೆ ಅವೂ ಅದೇ ಹಾದಿ ಹಿಡಿದವು. ಇಂದು ಇಲ್ಲಿ ವರ್ಷವರ್ಷವೂ ಹುಟ್ಟುವವರ ಎರಡು ಪಟ್ಟಿಗೂ ಹೆಚ್ಚು ಜನ ಸಾಯುತ್ತಾರೆ. ಇತ್ತೀಚೆಗೆ ಹೊರದೇಶಗಳಿಂದ ಬರುತ್ತಿರುವವರು ಒಟ್ಟು ಸಂಖ್ಯೆಯನ್ನು ಹಿಡಿದು ನಿಲ್ಲಿಸಿದ್ದಾರೆ, ಆದರೆ ಅವರು ನೆಲೆಸುವುದು ಹೆಚ್ಚಾಗಿ ನಗರಗಳಲ್ಲಿ.

ಶಾಲೆಯ ವಿಷಯದಲ್ಲಿ ಒಂದು ವ್ಯಂಗ್ಯ. ಪೀಸಾ ಎಂಬ ಅಂತರರಾಷ್ಟ್ರೀಯ ಶಾಲಾ ಪರೀಕ್ಷೆಗಳಲ್ಲಿ ಸ್ಪೇನ್‌ನ ಪ್ರದೇಶಗಳ ಪೈಕಿ ಕಾಸ್ತಿಯಾ-ಲೆಯೋನ್ ಮುಂಚೂಣಿಯದು, 2022ರಲ್ಲೂ ಹಾಗೆಯೇ. ಮೂರು ಮಕ್ಕಳಿದ್ದರೂ ಹಳ್ಳಿ ಶಾಲೆ ಮುಚ್ಚುವುದಿಲ್ಲ ಎಂಬುದು ಸರ್ಕಾರದ ನೀತಿ. ಹಲವು ಹಳ್ಳಿಗಳ ಶಾಲೆಗಳನ್ನು ಒಂದು ಆಡಳಿತದ ಕೆಳಗೆ ತಂದು, ಸಂಗೀತ, ಇಂಗ್ಲಿಷ್, ವ್ಯಾಯಾಮದ ಮೇಷ್ಟ್ರುಗಳು ಊರಿಂದೂರಿಗೆ ಕಾರಿನಲ್ಲಿ ಸುತ್ತುತ್ತಾರೆ. ಹೀಗೆ ಅಕ್ಕರೆಯಿಂದ ಓದಿಸಿದ ಮಕ್ಕಳು ಪದವಿ ಮುಗಿಸಿ ತೆರಿಗೆ ಕಟ್ಟುವುದು ಮ್ಯಾಡ್ರಿಡ್‌ನಲ್ಲಿ.

ಸೂತ್ರದೊಳಗಿನ 1.8

ಸ್ಪೇನ್‌ನಲ್ಲಿ ಆಸ್ಪತ್ರೆ, ಶಾಲೆ, ಸಮಾಜಕಲ್ಯಾಣ ಪ್ರದೇಶ ಸರ್ಕಾರಗಳ ಹೊಣೆ. ಬಾಸ್ಕ್ ಮತ್ತು ನವಾರಾ ಪ್ರದೇಶಗಳದ್ದು ಬೇರೆಯೇ ವ್ಯವಸ್ಥೆ. ಮಿಕ್ಕವುಗಳಿಗೆ 2009ರ ಹಣಕಾಸು ಕಾನೂನಿನ ಸೂತ್ರ ಅನ್ವಯಿಸುತ್ತದೆ. ಪ್ರದೇಶಗಳ ತೆರಿಗೆ ಆದಾಯದ ಮುಕ್ಕಾಲು ಭಾಗವನ್ನು ಒಂದು ಗಂಟಿಗೆ ಹಾಕಿ, ‘ಹೊಂದಿಸಿದ ಜನಸಂಖ್ಯೆ’ ಎಂಬ ಅಳತೆಯಿಂದ ಹಂಚುತ್ತಾರೆ. ಆ ಅಳತೆಯಲ್ಲಿ ಒಟ್ಟು ಜನಸಂಖ್ಯೆಗೆ 30 ಶೇಕಡಾ ತೂಕ, ವಯಸ್ಸಿನ ಪ್ರಕಾರ ಲೆಕ್ಕಹಾಕಿದ ಆರೋಗ್ಯ ಫಲಾನುಭವಿಗಳಿಗೆ 38, ಹದಿನಾರು ವರ್ಷದೊಳಗಿನವರಿಗೆ 20.5, ಅರವತ್ತೈದು ದಾಟಿದವರಿಗೆ 8.5. ಇಷ್ಟಕ್ಕೇ 97 ಆಯಿತು. ಉಳಿದ ಮೂರರಲ್ಲಿ ವಿಸ್ತೀರ್ಣಕ್ಕೆ 1.8, ಜನವಸತಿ ಚದುರಿರುವುದಕ್ಕೆ 0.6, ದ್ವೀಪಗಳಿಗೆ 0.6.

ನೆಲ ಮತ್ತು ದೂರ ಎರಡಕ್ಕೂ ಸೇರಿ ನೂರರಲ್ಲಿ 2.4 ಮಾತ್ರ ಎಂದಾಯಿತು. ದೇಶದ ಸುಮಾರು ಐದರಲ್ಲಿ ಒಂದು ಪಾಲು ನೆಲ ಕಾಯುವ ಪ್ರದೇಶಕ್ಕೆ ಇದು ನುಂಗಲಾರದ ತುತ್ತು.

ಒಂದು ಕಾಲ್ಪನಿಕ ಲೆಕ್ಕ ಇಟ್ಟುಕೊಳ್ಳೋಣ. ತಲಾ 60 ಜನರ ನಾಲ್ಕು ಹಳ್ಳಿ, ಒಬ್ಬ ವೈದ್ಯೆ. ನಗರದ ಒಂದು ಬೀದಿಯ 240 ಜನರಿಗೂ ಇವರಿಗೂ ಸೂತ್ರದಲ್ಲಿ ಸಿಗುವುದು ಹೆಚ್ಚುಕಡಿಮೆ ಒಂದೇ ಹಣ. ನಗರದ ವೈದ್ಯೆ ಕುರ್ಚಿಯಿಂದ ಏಳದೆ ಮೂವತ್ತು ರೋಗಿಗಳನ್ನು ನೋಡುತ್ತಾರೆ. ಹಳ್ಳಿಯ ವೈದ್ಯೆ ನಾಲ್ಕು ಕಡೆ ಬೀಗ ತೆಗೆದು, ನಾಲ್ಕು ಕಡೆ ಹೀಟರ್ ಹಾಕಿ, ಮಧ್ಯೆ ಮಂಜಿನ ರಸ್ತೆಯಲ್ಲಿ ಕಾರು ಓಡಿಸಿ ಹತ್ತು ಜನರನ್ನು ನೋಡಿದರೆ ದೊಡ್ಡದು. ಈ ಪ್ರದೇಶದಲ್ಲಿ ಇಂಥ ಹಳ್ಳಿ ದವಾಖಾನೆಗಳು 3,600ಕ್ಕೂ ಹೆಚ್ಚಿವೆ. ಹಲವೆಡೆ ವೈದ್ಯರು ಬರುವುದು ವಾರಕ್ಕೆ ಒಂದೋ ಎರಡೋ ದಿನ, ಅದೂ ಒಂದೆರಡು ಗಂಟೆ. ವೈದ್ಯರೊಬ್ಬರು ರಜೆ ಹಾಕಿದರೆ ಬದಲಿ ಸಿಗುವುದಿಲ್ಲ. ನಿವೃತ್ತರಾದರಂತೂ ಆ ಹುದ್ದೆಗೆ ಅರ್ಜಿ ಹಾಕುವವರೇ ಇರುವುದಿಲ್ಲ. ದವಾಖಾನೆಗಳನ್ನು ಒಗ್ಗೂಡಿಸಿ ದೊಡ್ಡ ಕೇಂದ್ರಗಳಿಗೆ ಬಲ ತುಂಬುವ ಯೋಜನೆಯೊಂದು 2019ರ ನಂತರ ಸಮೋರಾದ ಅಲಿಸ್ತೆ ಸೀಮೆಯಲ್ಲಿ ಪ್ರಯೋಗಕ್ಕೆ ಬಂತು. ವೈದ್ಯಕೀಯವಾಗಿ ಅದರಲ್ಲಿ ಅರ್ಥವಿತ್ತು. ಆದರೆ ಊರಿನವರಿಗೆ ಕಂಡದ್ದು ನಮ್ಮೂರ ಬಾಗಿಲಿಗೆ ಬೀಗ ಎಂದು. ಪ್ರತಿಭಟನೆಯ ಕಾವಿಗೆ ಯೋಜನೆ ಕರಗಿತು.

ಔಷಧ ಅಂಗಡಿಯ ವಿಷಯದಲ್ಲಿ ಮಾತ್ರ ಲೆಕ್ಕ ಸ್ವಲ್ಪ ಬೇರೆ. ವಹಿವಾಟು ಒಂದು ಮಿತಿಗಿಂತ ಕಡಿಮೆ ಇರುವ ಹಳ್ಳಿ ಅಂಗಡಿಗೆ ಸರ್ಕಾರಿ ವ್ಯವಸ್ಥೆ ತಿಂಗಳಿಗೆ ಇಷ್ಟು ಎಂದು ಪರಿಹಾರ ಕೊಡುತ್ತದೆ. ಎಷ್ಟು ಮಾತ್ರೆ ಮಾರಿದೆ ಎಂಬುದಕ್ಕಲ್ಲ, ಅಲ್ಲಿ ತೆರೆದಿದ್ದೀಯಲ್ಲ ಎಂಬುದಕ್ಕೆ ಕೊಡುವ ಹಣ ಅದು. ಇಡೀ ಚರ್ಚೆಯಲ್ಲಿ ನಿಜವಾಗಿ ಹೊಸ ವಿಚಾರ ಅಂತ ಇದ್ದರೆ ಇದೊಂದೇ ಅನಿಸುತ್ತದೆ, ಆದರೆ ಇದರ ಬಗ್ಗೆ ಭಾಷಣ ಮಾಡುವವರು ಕಡಿಮೆ.

ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಅನ್ಯಾಯ. ತಲಾ ಲೆಕ್ಕದಲ್ಲಿ ಕಾಸ್ತಿಯಾ-ಲೆಯೋನ್‌ಗೆ ಸಿಗುವುದು ದೇಶದ ಸರಾಸರಿಗಿಂತ ಹೆಚ್ಚೇ. ವಲೆನ್ಸಿಯಾ, ಮುರ್ಸಿಯಾದವರು ನಮಗೆ ಮೋಸವಾಗಿದೆ ಎನ್ನುವುದು ಇದೇ ಸೂತ್ರವನ್ನು ತೋರಿಸಿ, ಮತ್ತು ಅವರ ದೂರು ಸುಳ್ಳಲ್ಲ. ಐದು ವರ್ಷಕ್ಕೊಮ್ಮೆ ಪರಾಮರ್ಶಿಸಬೇಕಾದ ಸೂತ್ರ 2014ರ ಗಡುವು ದಾಟಿದ ಮೇಲೂ ವರ್ಷಗಟ್ಟಲೆ ಎಳೆದುಕೊಂಡು ಬಂದದ್ದು ಇದಕ್ಕೇ. ದೂರಕ್ಕೆ ತೂಕ ಕೊಟ್ಟರೆ ಕರಾವಳಿಗೆ ಸಿಟ್ಟು, ತಲೆಗೆ ಕೊಟ್ಟರೆ ಒಳನಾಡಿಗೆ.

ಬ್ರಸೆಲ್ಸ್, ಅಂದರೆ ಯುರೋಪಿಯನ್ ಯೂನಿಯನ್, ಮಾತ್ರ ಒಂದು ಗೆರೆ ಎಳೆದಿದೆ. ಚದರ ಕಿಲೋಮೀಟರಿಗೆ 12.5ಕ್ಕಿಂತ ಕಡಿಮೆ ಜನರಿರುವ ಪ್ರಾಂತ್ಯಗಳನ್ನು ‘ವಿರಳ ಜನವಸತಿ’ ಎಂದು ಗುರುತಿಸಿ, ಅಲ್ಲಿನ ಉದ್ಯಮಗಳಿಗೆ ಕೂಲಿ ಖರ್ಚಿನ 20 ಶೇಕಡಾವರೆಗೆ ನೆರವು ಕೊಡಲು ಅನುಮತಿಸುತ್ತದೆ. ಸ್ಪೇನ್‌ನಲ್ಲಿ ಆ ಪಟ್ಟಿಗೆ ಸೇರಿದವು ಸೋರಿಯಾ, ಮತ್ತು ಬೇರೆ ಪ್ರದೇಶಗಳ ತೆರುವೆಲ್, ಕುವೆಂಕಾ. ಅನುಮತಿ ಪೂರ್ತಿ ಬಳಸಿಕೊಳ್ಳದ ಸರ್ಕಾರ ಕಾರ್ಮಿಕರ ಸಾಮಾಜಿಕ ಭದ್ರತಾ ಕಂತಿನಲ್ಲಿ ರಿಯಾಯಿತಿ ಕೊಟ್ಟಿತು. ಕಂತಿನ ಇಪ್ಪತ್ತು ಬೇರೆ, ಕೂಲಿಯ ಇಪ್ಪತ್ತು ಬೇರೆ. ಸೋರಿಯಾದವರ ತಕರಾರು ಈ ಒಂದು ಪದದ ಮೇಲೆ ನಿಂತಿದೆ.

ಏಳು ಸದಸ್ಯರು, ಕಾಲು ಗುಮಾಸ್ತ

ಈ ಪ್ರದೇಶದಲ್ಲಿ 2,248 ಸ್ಥಳೀಯ ಪಂಚಾಯಿತಿಗಳಿವೆ. ದೇಶದ ಒಟ್ಟು ಸಂಖ್ಯೆಯಲ್ಲಿ ಕಾಲು ಭಾಗಕ್ಕೂ ಹೆಚ್ಚು. ಅವುಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿನವು 500 ಜನರೂ ಇಲ್ಲದವು. ಮುಸ್ಲಿಂ ಅರಸರೊಂದಿಗಿನ ಗಡಿ ದಕ್ಷಿಣಕ್ಕೆ ಸರಿದ ಹಾಗೆಲ್ಲ ಮಧ್ಯಯುಗದ ರಾಜರು ಜನರನ್ನು ಕರೆತಂದು ಕೂರಿಸಿದ ಊರುಗಳಿವು. ನಡೆದು ಹೊಲಕ್ಕೆ ಹೋಗಿ ಕತ್ತಲಾಗುವ ಮೊದಲು ಮನೆಗೆ ಬರುವಷ್ಟು ದೂರಕ್ಕೊಂದು ಊರು, ಊರಿಗೊಂದು ಇಗರ್ಜಿ. ಆ ಅಳತೆ ಕಾಲ್ನಡಿಗೆಯದು.

100 ಜನರವರೆಗಿನ ಊರಿಗೆ ಮೂವರು ಸದಸ್ಯರು, 250ರವರೆಗೆ ಐವರು, 1,000ದವರೆಗೆ ಏಳು ಮಂದಿ. ಕಾನೂನಿನ ಪ್ರಕಾರ ಊರು ಎಷ್ಟೇ ಚಿಕ್ಕದಿರಲಿ, ಬೀದಿದೀಪ, ಸ್ಮಶಾನ, ಕಸ, ಕುಡಿಯುವ ನೀರು, ಒಳಚರಂಡಿ, ರಸ್ತೆ ಪಂಚಾಯಿತಿಯದೇ ಹೊಣೆ. 5,000 ದಾಟಿದರೆ ಉದ್ಯಾನ, ಗ್ರಂಥಾಲಯ. 20,000 ದಾಟಿದರೆ ಅಗ್ನಿಶಾಮಕ. ಅಷ್ಟಿಲ್ಲದ ಊರುಗಳಿಗೆ ಕೈಕೊಡಬೇಕಾದ್ದು ಪ್ರಾಂತ್ಯಕ್ಕೊಂದರಂತೆ ಇರುವ ದಿಪುತಾಸಿಯೋನ್, ನಮ್ಮ ಜಿಲ್ಲಾ ಪಂಚಾಯಿತಿಯಂಥದ್ದು. ಅದರ ಸದಸ್ಯರನ್ನು ಜನ ನೇರವಾಗಿ ಆರಿಸುವುದಿಲ್ಲ.

ಸಣ್ಣ ಪಂಚಾಯಿತಿಯ ನಿಜವಾದ ಕೀಲಿಕೈ ಕಾರ್ಯದರ್ಶಿಯದು. ಠರಾವು ದೃಢೀಕರಿಸಲು, ಟೆಂಡರ್ ಕರೆಯಲು, ಲೆಕ್ಕ ಮುಚ್ಚಲು, ಅನುದಾನದ ಅರ್ಜಿಗೆ ಸಹಿ ಹಾಕಲು ಕಾನೂನು ಇವರನ್ನೇ ಕೇಳುತ್ತದೆ. ಮೂರುನಾಲ್ಕು ಊರು ಸೇರಿ ಒಬ್ಬರನ್ನು ಇಟ್ಟುಕೊಳ್ಳುತ್ತವೆ. ಸೋಮವಾರ ಒಂದೂರು, ಮಂಗಳವಾರ ಇನ್ನೊಂದೂರು. ಅನುದಾನದ ಕೊನೆಯ ದಿನ ಬುಧವಾರ ಬಿದ್ದು ಕಾರ್ಯದರ್ಶಿ ಬರುವುದು ಗುರುವಾರವಾದರೆ ಆ ಊರಿನ ಪೈಪು ಇನ್ನೊಂದು ವರ್ಷ ಸೋರುತ್ತದೆ. ಹುದ್ದೆ ತಿಂಗಳುಗಟ್ಟಲೆ ಖಾಲಿ ಇರುವುದೂ ಇದೆ. ಹಣ ಇಲ್ಲ ಎನ್ನುವುದಕ್ಕಿಂತ ಹಣ ಕೇಳುವ ಕಾಗದ ಬರೆಯುವ ಕೈ ಇಲ್ಲ ಎನ್ನುವುದೇ ಎಷ್ಟೋ ಕಡೆ ನಿಜ.

ಪೈಪಿನ ಮಾತು ಬಂತಲ್ಲ, ಅದನ್ನೇ ಹತ್ತಿರದಿಂದ ನೋಡಿ. ಜನವರಿಯಲ್ಲಿ 40 ಜನರಿರುವ ಊರಿಗೆ ಆಗಸ್ಟ್‌ನಲ್ಲಿ ಬಿಲ್ಬಾವೊ, ಮ್ಯಾಡ್ರಿಡ್‌ನಿಂದ ಮಕ್ಕಳು ಮೊಮ್ಮಕ್ಕಳು ಬಂದು 300 ಆಗುತ್ತಾರೆ ಎಂದಿಟ್ಟುಕೊಳ್ಳೋಣ. ಟ್ಯಾಂಕು, ಕೊಳವೆ ಎಲ್ಲ ಆಗಸ್ಟ್‌ಗೆ ತಕ್ಕಂತೆ ಇರಬೇಕು. ಆದರೆ ಚಳಿಗಾಲದಲ್ಲಿ ಅದೇ ದಪ್ಪ ಕೊಳವೆಯಲ್ಲಿ ನೀರು ದಿನಗಟ್ಟಲೆ ನಿಂತು, ಹಾಕಿದ ಕ್ಲೋರಿನ್ ಮನೆ ಮುಟ್ಟುವ ಮೊದಲೇ ಸತ್ವ ಕಳೆದುಕೊಳ್ಳುತ್ತದೆ. ಹೆಚ್ಚು ಹಾಕಿದರೆ ಟ್ಯಾಂಕಿನ ಹತ್ತಿರದ ಮನೆಯವರು ವಾಸನೆ ಎನ್ನುತ್ತಾರೆ. ಹಣ ಬರುವುದು ದಾಖಲೆಯಲ್ಲಿರುವ 40 ತಲೆಗೆ. ಮೇಲಾಗಿ ದುವೆರೊ ಬಯಲಿನ ಅಂತರ್ಜಲದಲ್ಲಿ ಅಲ್ಲಲ್ಲಿ ಸಹಜವಾಗಿಯೇ ಆರ್ಸೆನಿಕ್ ಇದೆ, ಗೊಬ್ಬರ ಮತ್ತು ಹಂದಿ ಸಾಕಣೆಯ ಗಂಜಲದಿಂದ ನೈಟ್ರೇಟ್ ಸೇರಿದೆ. ಸೆಗೋವಿಯಾ ಪ್ರಾಂತ್ಯದ ಲಾಸ್ತ್ರಾಸ್ ದೆ ಕುಯೆಯಾರ್‌ನಂಥ ಊರುಗಳು ಬಾಟಲಿ ನೀರಿನ ಮೇಲೆ ವರ್ಷಗಳನ್ನು ಕಳೆದಿವೆ.

ಪಂಚಾಯಿತಿಗಳನ್ನು ಒಗ್ಗೂಡಿಸಬಾರದೇ ಎಂದು ಹೊರಗಿನವರು ಕೇಳುತ್ತಾರೆ. ಪ್ರದೇಶ ಸರ್ಕಾರ 2013ರಲ್ಲಿ ಒಂದು ಕಾನೂನು ತಂದು, ಊರುಗಳ ಹೆಸರು ಅಳಿಸದೆ ಸೇವೆಗಳನ್ನು ಮಾತ್ರ ಹತ್ತಿಪ್ಪತ್ತು ಊರಿನ ಗುಂಪುಗಳಲ್ಲಿ ನಡೆಸುವ ನಕ್ಷೆ ಹಾಕಲು ಹೊರಟಿತು. ಹಳ್ಳಿಗಾಡಿನ ನಕ್ಷೆಗೆ ರಾಜಕೀಯ ಒಮ್ಮತ ಹುಟ್ಟಲಿಲ್ಲ. ಗುಂಪಿನ ಕೇಂದ್ರ ಯಾವ ಊರು ಎಂಬ ಪ್ರಶ್ನೆಗೆ ಎಲ್ಲ ನಕ್ಷೆಗಳೂ ಮುಗ್ಗರಿಸುತ್ತವೆ. ಪಂಚಾಯಿತಿಗಿಂತ ಕೆಳಗೂ ಒಂದು ಹಂತವಿದೆ. ಲೆಯೋನ್ ಪ್ರಾಂತ್ಯವೊಂದರಲ್ಲೇ 1,200ಕ್ಕೂ ಹೆಚ್ಚು ನೆರೆಹೊರೆ ಮಂಡಳಿಗಳು ಸಾಮೂಹಿಕ ಕಾಡು, ಹುಲ್ಲುಗಾವಲು, ಕಾಲುವೆಗಳನ್ನು ನೋಡಿಕೊಳ್ಳುತ್ತವೆ. ಮನೆಗೊಬ್ಬರಂತೆ ಬಂದು ದಾರಿ, ಕಾಲುವೆ ಹಸನುಮಾಡುವ ‘ಹಸೆಂದೆರಾ’ ಪದ್ಧತಿ ಅಲ್ಲಿನದು. ಲೆಕ್ಕಪತ್ರ ಸಲ್ಲಿಸದವನ್ನು ರದ್ದುಮಾಡುತ್ತೇವೆ ಎಂದು 2013ರಲ್ಲಿ ಮ್ಯಾಡ್ರಿಡ್ ಹೆದರಿಸಿತು. ಸ್ವಂತ ಕಾಡಿನ ಆದಾಯವಿರುವ ಮಂಡಳಿಗಳು ತಲೆ ಲೆಕ್ಕದ ಹಂಗಿಲ್ಲದೆ ಬದುಕಿವೆ ಎಂಬುದನ್ನು ಯಾರೂ ಗಮನಿಸಿದಂತಿಲ್ಲ.

ರಾಜಧಾನಿಯ ಹೆಸರು ಹೇಳದ ಶಾಸನ

1983ರ ಫೆಬ್ರವರಿ 25ರಂದು ಸ್ವಾಯತ್ತತೆಯ ಶಾಸನ ಬಂದಾಗ ಈ ಪ್ರದೇಶ ಒಂದು ಒಲ್ಲದ ಮದುವೆ. ಹಳೆಯ ಕಾಸ್ತಿಯಾದ ಸಾಂತಾಂದೆರ್ ಮತ್ತು ಲೊಗ್ರೋನ್ಯೊ ಆಗಲೇ ಕಾಂಟಾಬ್ರಿಯಾ, ಲಾ ರಿಯೋಹಾ ಎಂದು ಬೇರೆಯಾಗಿದ್ದವು. ಸೆಗೋವಿಯಾ ತಾನೊಂದೇ ಪ್ರದೇಶವಾಗುತ್ತೇನೆಂದು ಹಟ ಹಿಡಿದಿತ್ತು. ಸಂಸತ್ತು ಬೇರೊಂದು ಕಾನೂನು ಮಾಡಿ ಅದನ್ನು ಒಳಗೆ ಸೇರಿಸಿತು. ಲೆಯೋನ್ ಸಮ್ಮತಿ ಹಿಂತೆಗೆದುಕೊಂಡಿತು. ಹಾಗೆ ಹಿಂತೆಗೆದುಕೊಂಡದ್ದು ಚಲಾವಣೆಗೆ ಬರದು ಎಂದು 1984ರಲ್ಲಿ ಸಾಂವಿಧಾನಿಕ ನ್ಯಾಯಾಲಯ ತೀರ್ಪಿತ್ತಿತು.

ಹೀಗಾಗಿ ರಾಜಧಾನಿ ಯಾವುದೆಂದು ಶಾಸನ ಬಾಯಿ ಬಿಡುವುದಿಲ್ಲ. ಸರ್ಕಾರ ಮತ್ತು ಶಾಸನಸಭೆ ವಯಾದೊಲಿದ್‌ನಲ್ಲಿ, ಉಚ್ಚ ನ್ಯಾಯಾಲಯ ಬುರ್ಗೋಸ್‌ನಲ್ಲಿ, ಜನರ ದೂರು ಕೇಳುವ ಪ್ರೊಕುರಾದೋರ್ ದೆಲ್ ಕೊಮೂನ್ ಲೆಯೋನ್‌ನಲ್ಲಿ, ಸಲಹಾ ಮಂಡಳಿ ಸಮೋರಾದಲ್ಲಿ, ಲೆಕ್ಕಪರಿಶೋಧನೆ ಪಲೆಂಸಿಯಾದಲ್ಲಿ. ಹಂಚಿ ತಿಂದರೆ ಹಸಿವಿಲ್ಲ ಎಂಬ ನೀತಿ. ಆದರೆ ಕಚೇರಿ ಹಂಚಿದಷ್ಟು ಸುಲಭವಾಗಿ ರಸ್ತೆ ರೈಲು ಹಂಚಲಾಗಲಿಲ್ಲ. ಹೈಸ್ಪೀಡ್ ಹಳಿಗಳು ಮ್ಯಾಡ್ರಿಡ್‌ನಿಂದ ಕಡ್ಡಿ ಬಿಡಿಸಿದಂತೆ 2007ರಲ್ಲಿ ವಯಾದೊಲಿದ್, 2015ರಲ್ಲಿ ಲೆಯೋನ್ ಮತ್ತು ಸಮೋರಾ, 2022ರಲ್ಲಿ ಬುರ್ಗೋಸ್ ತಲುಪಿದವು. ಪ್ರದೇಶದೊಳಗೆ ಅಡ್ಡಲಾಗಿ ಜೋಡಿಸುತ್ತಿದ್ದ ಹಳೆಯ ಹಳಿಗಳು, ದುವೆರೊ ದಂಡೆಯ ವಯಾದೊಲಿದ್–ಅರೀಸಾ ಮತ್ತು ಸಮೋರಾ-ಸಲಮಾಂಕಾ ಮೂಲಕ ದಕ್ಷಿಣಕ್ಕಿಳಿಯುತ್ತಿದ್ದ ‘ಬೆಳ್ಳಿ ದಾರಿ’, 1985ರ ಜನವರಿ 1ರಿಂದ ಪ್ರಯಾಣಿಕರಿಗೆ ಮುಚ್ಚಿವೆ. ಪೂರ್ವದ ಸೋರಿಯಾದಿಂದ ಪಶ್ಚಿಮದ ಪೊನ್ಫೆರಾದಾಗೆ ರಸ್ತೆಯಲ್ಲಿ 400 ಕಿಲೋಮೀಟರಿಗೂ ಹೆಚ್ಚು. ಇನ್ನೊಂದು ವಿಚಿತ್ರ ನೋಡಿ: ಬುರ್ಗೋಸ್ ಪ್ರಾಂತ್ಯದ ತ್ರೆವಿನ್ಯೊ ಸುತ್ತಲೂ ಬಾಸ್ಕ್ ಪ್ರದೇಶದ ಆಲಾವಾದಿಂದ ಆವೃತ. ಸಂತೆ, ಆಸ್ಪತ್ರೆ, ಕೆಲಸ ಎಲ್ಲಕ್ಕೂ ಹತ್ತಿರ ಬಾಸ್ಕ್ ನಗರ ವಿತೋರಿಯಾ, ಆದರೆ ಕಾಗದ ಬುರ್ಗೋಸ್‌ನದು.

ಶಾಸನಸಭೆಯ ಕುರ್ಚಿ ಹಂಚುವಾಗ ಮಾತ್ರ ನೆಲಕ್ಕೆ ಬೆಲೆ ಉಂಟು. ಪ್ರತಿ ಪ್ರಾಂತ್ಯಕ್ಕೂ ಮೊದಲು ಮೂರು ಸ್ಥಾನ, ಆಮೇಲೆ 45,000 ಜನಕ್ಕೊಂದು. 2022ರ ಚುನಾವಣೆಯಲ್ಲಿ 81 ಸ್ಥಾನಗಳ ಪೈಕಿ ಸೋರಿಯಾಕ್ಕೆ 5, ವಯಾದೊಲಿದ್‌ಗೆ 15. ಅಂದರೆ ಸೋರಿಯಾದಲ್ಲಿ ಸುಮಾರು 18,000 ಜನಕ್ಕೊಬ್ಬ ಪ್ರತಿನಿಧಿ, ವಯಾದೊಲಿದ್‌ನಲ್ಲಿ ಹತ್ತಿರಹತ್ತಿರ 35,000ಕ್ಕೆ. ಆ ಐದರಲ್ಲಿ ಮೂರನ್ನು ‘ಸೋರಿಯಾ ಯಾ’, ಅಂದರೆ ‘ಸೋರಿಯಾ, ಈಗಲೇ’ ಎಂಬ ನಾಗರಿಕ ವೇದಿಕೆ ಗೆದ್ದು ಹಳೆಯ ಪಕ್ಷಗಳ ಮೀಸೆ ಮಣ್ಣಾಗಿಸಿತು. 1987ರಿಂದ ಇಲ್ಲಿ ಅಧಿಕಾರ ಬಿಡದ ಪಾಪ್ಯುಲರ್ ಪಾರ್ಟಿ, 2022ರಲ್ಲೇ ಕಡುಬಲಪಂಥದ ವೋಕ್ಸ್ ಪಕ್ಷದ ಜೊತೆ ಸರ್ಕಾರ ಮಾಡಿತು. ಪ್ರದೇಶ ಮಟ್ಟದಲ್ಲಿ ವೋಕ್ಸ್‌ಗೆ ಮಂತ್ರಿಗಿರಿ ಸಿಕ್ಕಿದ್ದು ಅದೇ ಮೊದಲು. 2024ರ ಜುಲೈನಲ್ಲಿ ಅದು ಮುರಿಯಿತು.

2024ರ ಜೂನ್‌ನಲ್ಲಿ ಲೆಯೋನ್‌ನ ದಿಪುತಾಸಿಯೋನ್ ಪ್ರತ್ಯೇಕ ಸ್ವಾಯತ್ತ ಪ್ರದೇಶ ಬೇಕೆಂದು ನಿರ್ಣಯ ಅಂಗೀಕರಿಸಿತು. ಇತಿಹಾಸದ ಬಲ ಅವರಿಗಿದೆ. ನಗರವಾಸಿಗಳ ಪ್ರತಿನಿಧಿಗಳು ಕೂತಿದ್ದ 1188ರ ಲೆಯೋನ್ ಸಭೆಯ ದಾಖಲೆಗಳನ್ನು ಯುನೆಸ್ಕೊ 2013ರಲ್ಲಿ ಯುರೋಪಿನ ಸಂಸದೀಯ ಪದ್ಧತಿಯ ಅತ್ಯಂತ ಹಳೆಯ ಲಿಖಿತ ಸಾಕ್ಷ್ಯವೆಂದು ಮಾನ್ಯಮಾಡಿದೆ. ಹತ್ತನೆಯ ಶತಮಾನದಲ್ಲಿ ಲೆಯೋನ್ ಸೀಮೆಯ ಮಠವೊಂದರ ಸನ್ಯಾಸಿ ಎಲ್ಲೆಲ್ಲಿಗೆ ಎಷ್ಟೆಷ್ಟು ಚೀಸ್ ಹೋಯಿತೆಂದು ಬರೆದಿಟ್ಟ ಪಟ್ಟಿ ಅಲ್ಲಿನ ಆಡುಮಾತಿನ ಅತಿ ಹಳೆಯ ಬರಹಗಳಲ್ಲೊಂದು. ಆದರೆ ಇಂದಿನ ಲೆಕ್ಕ ಬೇರೆ. ಲೆಯೋನ್, ಸಮೋರಾ, ಸಲಮಾಂಕಾ ಸೇರಿದರೆ 38,000 ಚದರ ಕಿಲೋಮೀಟರ್ ದಾಟುವ ನೆಲ, 9.4 ಲಕ್ಷದಷ್ಟು ಜನ. ಸಾಂದ್ರತೆ ಈಗಿನಷ್ಟೇ, ವಯಸ್ಸು ಇನ್ನೂ ಹೆಚ್ಚು. ಸೂತ್ರದ 1.8 ಹಾಗೇ ಇದ್ದರೆ ಫಲಕ ಬದಲಾಗುತ್ತದೆ, ವೈದ್ಯೆಯ ಕಾರಿನ ಪೆಟ್ರೋಲ್ ಬದಲಾಗುವುದಿಲ್ಲ.

ಹೆಂಚು ಸರಿದರೆ

ಪರಂಪರೆಗೂ ಇದಕ್ಕೂ ಏನು ಸಂಬಂಧ ಎನ್ನಬಹುದು. ಪ್ರವಾಸಿಗಳು ನೋಡುವುದು 28 ಮೀಟರ್ ಎತ್ತರದ ಕಮಾನುಗಳಲ್ಲಿ ಗಾರೆಯಿಲ್ಲದೆ ನಿಂತ ಸೆಗೋವಿಯಾದ ರೋಮನ್ ಮೇಲ್ಗಾಲುವೆ, ಆವಿಲಾದ ಕೋಟೆ, ಬುರ್ಗೋಸ್‌ನ ಕೆಥೆಡ್ರಲ್, 1218ರಲ್ಲಿ ಹುಟ್ಟಿದ ಸಲಮಾಂಕಾ ವಿಶ್ವವಿದ್ಯಾಲಯ. ಇವೆಲ್ಲ ನಗರದವು, ಟಿಕೆಟ್ ಇದೆ, ಕಾವಲಿದೆ. ಉಳಿದದ್ದರ ಪಾಡು ಬೇರೆ. ನೂರಾರು ಕೋಟೆ, ಸಾವಿರಾರು ಹಳ್ಳಿ ಇಗರ್ಜಿ, ಮಣ್ಣಿನ ಪಾರಿವಾಳದ ಮನೆಗಳು. ಅಪಾಯದಲ್ಲಿರುವ ಸ್ಮಾರಕಗಳ ಬಗ್ಗೆ ಇಸ್ಪಾನಿಯಾ ನೋಸ್ತ್ರಾ ಸಂಸ್ಥೆ ಇಟ್ಟಿರುವ ಕೆಂಪುಪಟ್ಟಿಯಲ್ಲಿ ಅತಿ ಹೆಚ್ಚು ಹೆಸರು ಈ ಪ್ರದೇಶದ್ದೇ.

ಹಳ್ಳಿ ಇಗರ್ಜಿ ಬೀಳುವುದು ಒಂದೇ ದಿನಕ್ಕಲ್ಲ. ಚಳಿಗಾಲದ ಹಿಮಕ್ಕೋ ಬೆಕ್ಕಿನ ಓಟಕ್ಕೋ ಎರಡು ಹೆಂಚು ಜಾರುತ್ತವೆ. ಮಳೆನೀರು ತೊಲೆಯ ತುದಿ ಗೋಡೆಯ ಮೇಲೆ ಕೂರುವ ಜಾಗಕ್ಕೇ ಇಳಿಯುತ್ತದೆ. ಅಲ್ಲಿ ಗಾಳಿಯಾಡುವುದಿಲ್ಲ, ಮರ ಒಳಗೊಳಗೇ ಮೆತ್ತಗಾಗುತ್ತದೆ. ಐದಾರು ಚಳಿಗಾಲ ಕಳೆದ ಮೇಲೆ ತೊಲೆ ತಗ್ಗಿ, ಮಾಡಿನ ಭಾರ ಗೋಡೆಯನ್ನು ಹೊರಕ್ಕೆ ನೂಕುತ್ತದೆ. ಕಮಾನಿನ ನೆತ್ತಿಗೆ ಬಿರುಕು. ಮಾಡು ಕುಸಿದ ವರ್ಷವೇ ಒಳಗೋಡೆಯ ಚಿತ್ರ ಹೋಯಿತೆಂದೇ ಲೆಕ್ಕ. ಮಣ್ಣಿಟ್ಟಿಗೆಯ ಗೋಡೆಯಾದರೆ ಇನ್ನೂ ಬೇಗ. ಬುಡದಲ್ಲಿ ಕಲ್ಲು, ತಲೆಯ ಮೇಲೆ ಚಾಚಿದ ಸೂರು, ಇವೆರಡೂ ಗಟ್ಟಿ ಇರುವಷ್ಟು ದಿನ ಮಾತ್ರ ಅದಕ್ಕೆ ಆಯಸ್ಸು. ಹಿಂದೆ ಊರಿನವರೇ ಯಾರಾದರೂ ಏಣಿ ಹಾಕಿ ಹೆಂಚು ಸರಿಸುತ್ತಿದ್ದರು, ಅರ್ಧ ದಿನದ ಕೆಲಸ. ಈಗ ಅದಕ್ಕೆ ಅರ್ಜಿ, ಅಂದಾಜುಪಟ್ಟಿ, ಡಯೊಸಿಸ್ (ಬಿಷಪ್ಪರ ಆಡಳಿತ) ಮತ್ತು ದಿಪುತಾಸಿಯೋನ್ ನಡುವಿನ ಒಪ್ಪಂದ.

ಊರು ಬಡವಾದಾಗ ಕಲೆ ಊರು ಬಿಡುತ್ತದೆ ಎಂಬುದಕ್ಕೆ ಸೋರಿಯಾದ ಸಾನ್ ಬೌದೆಲಿಯೊ ಇಗರ್ಜಿ ಸಾಕ್ಷಿ. ನಡುವೆ ಒಂದೇ ಕಂಬ, ಅದರಿಂದ ತಾಳೆಗರಿಯಂತೆ ಹರಡುವ ಎಂಟು ಕಮಾನು, ಗೋಡೆ ತುಂಬ ಬೇಟೆ, ಒಂಟೆ, ಆನೆಯ ಚಿತ್ರಗಳು. 1920ರ ದಶಕದಲ್ಲಿ ಹಳ್ಳಿಯವರು ಆ ಚಿತ್ರಗಳನ್ನು ವ್ಯಾಪಾರಿಗೆ ಮಾರಿದರು, ಬಟ್ಟೆಗೆ ಅಂಟಿಸಿ ಕಿತ್ತ ಚಿತ್ರಗಳು ಅಮೆರಿಕಕ್ಕೆ ಹೋದವು. ಆರು ತುಣುಕು 1957ರಲ್ಲಿ ಮ್ಯಾಡ್ರಿಡ್‌ನ ಪ್ರಾದೊ ಸಂಗ್ರಹಾಲಯಕ್ಕೆ ಮರಳಿದವು, ಪುಕ್ಕಟೆಯಾಗಿ ಅಲ್ಲ. ವಿನಿಮಯಕ್ಕೆ ಸೆಗೋವಿಯಾ ಪ್ರಾಂತ್ಯದ ಫುವೆಂತಿದುವೆನ್ಯಾದ ಇಗರ್ಜಿಯೊಂದರ ಗರ್ಭಗುಡಿಯ ಅರೆವೃತ್ತವನ್ನು ಕಲ್ಲು ಕಲ್ಲಾಗಿ ಬಿಚ್ಚಿ ನ್ಯೂಯಾರ್ಕಿಗೆ ಸಾಗಿಸಿದರು. ಒಂದು ಬರಿದಾದ ಊರಿನ ಸೊತ್ತು ತರಲು ಇನ್ನೊಂದು ಊರಿನ ಸೊತ್ತು ತೆತ್ತರು. ಸಿಕ್ಕಿದ್ದು ಮ್ಯಾಡ್ರಿಡ್‌ಗೆ.

2025ರ ಆಗಸ್ಟ್‌ನಲ್ಲಿ ಬೆಂಕಿ ಲಾಸ್ ಮೆದುಲಾಸ್ ಮುಟ್ಟಿತು. ಎತ್ತರದ ಕೊಳಗಳಲ್ಲಿ ನೀರು ತುಂಬಿ, ಸುರಂಗಗಳಿಗೆ ಒಮ್ಮೆಲೇ ಬಿಟ್ಟು ಗುಡ್ಡವನ್ನೇ ಒಡೆದು ಚಿನ್ನ ತೊಳೆದ ರೋಮನ್ ಗಣಿ ಅದು, 1997ರಿಂದ ವಿಶ್ವ ಪರಂಪರೆಯ ತಾಣ. ಕೆಂಪು ಶಿಖರಗಳಿಗೆ ಬೆಂಕಿ ಏನೂ ಮಾಡಲಾರದು. ಬೆಂದದ್ದು ತಲೆಮಾರುಗಳ ಚೆಸ್ಟ್‌ನಟ್ ಮರಗಳು. 2022ರಲ್ಲಿ ಸಮೋರಾದ ಕುಲೆಬ್ರಾ ಬೆಟ್ಟಸಾಲಿನಲ್ಲಿ ಜೂನ್ ಮತ್ತು ಜುಲೈನ ಎರಡು ಬೆಂಕಿಗಳೇ 50 ಸಾವಿರ ಹೆಕ್ಟೇರಿಗೂ ಹೆಚ್ಚು ಸುಟ್ಟಿದ್ದವು. ಆಗ ಬಂದ ದೂರು, ಅಧಿಕೃತ ಬೆಂಕಿ ಋತು ಜುಲೈ 1ಕ್ಕೆ ಶುರುವಾಗುವುದರಿಂದ ಜೂನ್ ನಡುವಿನಲ್ಲಿ ಪಡೆ ಪೂರ್ತಿ ಸಜ್ಜಾಗಿರಲಿಲ್ಲ ಎಂದು. ಬಿಸಿಲು ಕ್ಯಾಲೆಂಡರ್ ನೋಡಿ ಬರುವುದಿಲ್ಲ. ಆ ಮೇಲೆ ವರ್ಷಪೂರ್ತಿ ಪಡೆ ಇಡುವ ತೀರ್ಮಾನವಾಯಿತು. ಆದರೆ ಬೆಂಕಿ ಹಬ್ಬುವ ಕಾರಣ ಹೆಲಿಕಾಪ್ಟರ್‌ಗಿಂತ ಹಳೆಯದು. ಮೇಕೆ ಮೇಯುತ್ತಿದ್ದ, ಸೌದೆ ಕಡಿಯುತ್ತಿದ್ದ, ನಡುನಡುವೆ ರೈ ಬೆಳೆಯುತ್ತಿದ್ದ ಗುಡ್ಡ ಈಗ ಒಂದೇ ಸಮನೆ ಪೊದೆ. ತುಂಡುಭೂಮಿಗೆ ವಾರಸುದಾರರು ಮೂರು ನಗರಗಳಲ್ಲಿ, ಸವರಲು ಯಾರ ಒಪ್ಪಿಗೆ ಕೇಳಬೇಕೆಂದೇ ಗೊತ್ತಾಗುವುದಿಲ್ಲ.

ಎದುರು ಉದಾಹರಣೆ ಪಲೆಂಸಿಯಾದ ಉತ್ತರ ತುದಿಯಲ್ಲಿದೆ. ಅಗಿಲಾರ್ ದೆ ಕಾಂಪೊದಲ್ಲಿ ಪಾಳುಬಿದ್ದಿದ್ದ ಸಾಂತಾ ಮರಿಯಾ ಲಾ ರೆಯಾಲ್ ಮಠವನ್ನು ಎತ್ತಿ ನಿಲ್ಲಿಸಲು, ‘ಪೆರಿದಿಸ್’ ಎಂಬ ಹೆಸರಲ್ಲಿ ವ್ಯಂಗ್ಯಚಿತ್ರ ಬರೆಯುವ ವಾಸ್ತುಶಿಲ್ಪಿ ಹೊಸೆ ಮರಿಯಾ ಪೆರೆಸ್ ಮತ್ತು ಗೆಳೆಯರು 1977ರಲ್ಲಿ ಸಂಘ ಕಟ್ಟಿದರು. ಕೆಲಸವಿಲ್ಲದ ಹುಡುಗರಿಗೆ ಕಲ್ಲು, ಮರದ ಕಸುಬು ಕಲಿಸುತ್ತಲೇ ಮಠ ಎದ್ದಿತು. ಅದು ಮುಂದೆ ದೇಶದಾದ್ಯಂತ ‘ಕಾರ್ಯಾಗಾರ ಶಾಲೆ’ಗಳ ಮಾದರಿಯಾಯಿತು. ಈಗ ಅದೇ ಪ್ರತಿಷ್ಠಾನ ಆಸುಪಾಸಿನ ರೋಮನೆಸ್ಕ್ ಎಂಬ ಮಧ್ಯಯುಗದ ಶೈಲಿಯ ಇಗರ್ಜಿಗಳ ಗುಂಪನ್ನು ಒಟ್ಟಾಗಿ ದುರಸ್ತಿ ಮಾಡಿದೆ, ಒಂದೊಂದಕ್ಕೂ ಬೇರೆ ಬೇರೆ ಕಡತ ಓಡಿಸದೆ. ಕೆಲವದರೊಳಗೆ ತೇವ, ಉಷ್ಣತೆ, ಬಿರುಕಿನ ಅಗಲ ಅಳೆಯುವ ಸಣ್ಣ ಸೆನ್ಸರ್‌ಗಳಿವೆ. ಮಾಡು ಸೋರತೊಡಗಿದರೆ ಸುದ್ದಿ ಅಗಿಲಾರ್‌ನ ಪರದೆಯ ಮೇಲೆ ಮೂಡುತ್ತದೆ.

ಅಲ್ಲಿಂದ ಮುಂದೆ ಯಾರಾದರೂ ವ್ಯಾನಿನ ಮೇಲೆ ಏಣಿ ಕಟ್ಟಿಕೊಂಡು ಹೊರಡಬೇಕು. ಇಗರ್ಜಿಯ ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ ಬೀಗದ ಕೈ ಇಟ್ಟುಕೊಂಡವರ ಫೋನ್ ನಂಬರ್ ಇರುತ್ತದೆ. ಅವರು ಸಾಮಾನ್ಯವಾಗಿ ಎಂಬತ್ತರ ಆಸುಪಾಸಿನವರು, ಆಗಸ್ಟ್ ಬಿಟ್ಟು ಬೇರೆ ತಿಂಗಳಾದರೆ ಮಗಳ ಮನೆಗೆ ವಯಾದೊಲಿದ್‌ಗೆ ಹೋಗಿರಲೂಬಹುದು.